ಅನಿಕ್ ತೋರಿಸಬೇಕಿದ್ದ ಮ್ಯೂಸಿಯಂಗಳು

ಟಿಕೆಟ್ಟಿನ ಸಾಲಿನಲ್ಲಿ ನಿಂತಿದ್ದಾಗಲೇ ಆ ವಾಸನೆ ಬಂತು. ಒದ್ದೆ ಗೋಣಿ, ಉಪ್ಪುಕೆಸರು, ಅದರ ಮೇಲೆ ಬಿದ್ದ ಬಿಸಿಲು, ಎಲ್ಲ ಸೇರಿದ ವಾಸನೆ. ಫ್ರಾನ್ಸಿನ ಪಶ್ಚಿಮ ಕರಾವಳಿಯಲ್ಲಿ, ಬ್ರಿಟಾನಿ ಎನ್ನುವ ಸೀಮೆಯ ಒಂದು ಸಣ್ಣ ಊರಿನ ಉಪ್ಪಿನ ಮ್ಯೂಸಿಯಂ ಅದು. ಹೊರಗೆ ಕಣ್ಣು ಹಾಯುವಷ್ಟು ದೂರ ಉಪ್ಪಿನ ಗದ್ದೆಗಳು. ಸಾಲು ಮುಂದಕ್ಕೆ ಹೋದದ್ದು ನನಗೆ ತಿಳಿಯಲೇ ಇಲ್ಲ. ಹಿಂದೆ ನಿಂತವರು ಮೆಲ್ಲಗೆ ಕೆಮ್ಮಿದರು.

"ಏನೇ, ನಿಂತ್ಬಿಟ್ಟೆ?" ಎಂದರು ನಮ್ಮವರು.

"ಅನಿಕ್ ಅಡುಗೆಮನೆ ವಾಸ್ನೆ ಬರ್ತಿದೆ ಕಣ್ರೀ."

ಅವರು ಮೂಗು ಎತ್ತಿ ಒಮ್ಮೆ ಗಾಳಿ ಎಳೆದುಕೊಂಡರು. ಆಮೇಲೆ ನನ್ನ ಕೈಚೀಲವನ್ನು ತಾವೇ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡರು.

ಎರಡು ಸಾವಿರದ ದಶಕದ ನಡುವಿನ ಮಾತು. ನಮ್ಮವರಿಗೆ ಸ್ವೀಡನ್ನಿನ ಮೋಲ್ನ್‌ಡಾಲ್‌ನಲ್ಲಿ ಔಷಧಿ ಸಂಶೋಧನೆಯ ಕೆಲಸ ಸಿಕ್ಕಿ, ನಾನು ಮಗಳು ಮೇಧಾಳನ್ನು ಕರೆದುಕೊಂಡು ಆಗಸ್ಟಿನಲ್ಲಿ ಅಲ್ಲಿಗೆ ಹೋದೆ. ಮೇಧಾಗೆ ಆಗ ಆರು ವರ್ಷ. ಗುಡ್ಡದ ಮೇಲೆ ಹಳದಿ ಬಣ್ಣದ ಕಟ್ಟಡ, ಎರಡನೆಯ ಮಹಡಿಯಲ್ಲಿ ನಮ್ಮ ಮನೆ. ಅಡುಗೆಮನೆಯ ಕಪಾಟಿನ ಒಂದು ಅರೆಯನ್ನು ಖಾಲಿ ಮಾಡಿ ದೇವರನ್ನು ಇಟ್ಟೆ. ಹೊಗೆಯ ಅಲಾರಂ ಕೂಗುತ್ತದೆಂದು ಊದುಬತ್ತಿ ಹಚ್ಚುವಂತಿರಲಿಲ್ಲ. ದೀಪಕ್ಕೆ ಅದು ಕೂಗುತ್ತಿರಲಿಲ್ಲ. ಅಷ್ಟಾದರೂ ಉಳಿಯಿತಲ್ಲ ಎಂದುಕೊಂಡೆ.

ಅನಿಕ್ ನೆಲಮಹಡಿಯಲ್ಲಿದ್ದ ಹೆಂಗಸು. ಎಪ್ಪತ್ತು ದಾಟಿತ್ತು. ಬ್ರಿಟಾನಿಯಲ್ಲಿ ಹುಟ್ಟಿ, ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಸ್ವೀಡನ್ನಿನವನನ್ನು ಮದುವೆಯಾಗಿ ಬಂದವಳು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವಳ ನನ್ನ ಪರಿಚಯ ಶುರುವಾದದ್ದು ಜಗಳದಿಂದ. ಅಲ್ಲಿನ ಕಟ್ಟಡಗಳಲ್ಲಿ ಬಟ್ಟೆ ಒಗೆಯುವ ಕೋಣೆ ಎಲ್ಲರಿಗೂ ಒಂದೇ. ಗೋಡೆಯ ಹಲಗೆಯಲ್ಲಿ ನಮ್ಮ ಮನೆಯ ಪುಟ್ಟ ಬೀಗವನ್ನು ಬೇಕಾದ ದಿನಕ್ಕೆ ಸಿಕ್ಕಿಸಿದರೆ ಆ ಹೊತ್ತು ನಮ್ಮದು. ನನಗೆ ಇದು ಗೊತ್ತಿರಲಿಲ್ಲ. ಮಷಿನ್ ಖಾಲಿ ಇದೆಯಲ್ಲ ಎಂದು ಗುರುವಾರ ಬೆಳಿಗ್ಗೆ ನಮ್ಮ ಬಟ್ಟೆಗಳನ್ನೆಲ್ಲ ತುಂಬಿದೆ. ಗುರುವಾರ ಅನಿಕ್‌ಳದು. ಅವಳು ಬಂದು, ಗಾಜಿನೊಳಗೆ ತಿರುಗುತ್ತಿದ್ದ ನನ್ನ ಸೀರೆಯನ್ನು ನೋಡಿ ಕೂಗಾಡಿದಳು. ಒಂದು ಮಾತೂ ಅರ್ಥವಾಗದೆ ನಾನು ಕೈ ಮುಗಿದೆ. ಅವಳು ತಟ್ಟನೆ ಬಾಯಿ ಮುಚ್ಚಿದಳು. ಆಮೇಲೆ ಅವಳೂ ಕೈ ಮುಗಿದಳು. ಇಬ್ಬರೂ ಹಾಗೆಯೇ ನಿಂತಿದ್ದೆವು, ದೇವಸ್ಥಾನದಲ್ಲಿ ಎದುರುಬದುರಾದವರ ಹಾಗೆ.

ಆ ವಾರದಿಂದ ಗುರುವಾರ ಅವಳ ಬಟ್ಟೆ ಒಣಗುವವರೆಗೆ ಅವಳ ಮನೆಯಲ್ಲಿ ಕಾಫಿ. ಇಬ್ಬರ ಮಾತೂ ಸ್ವೀಡಿಷ್‌ನಲ್ಲಿ. ನನ್ನದು ಆಗಷ್ಟೇ ಕ್ಲಾಸಿಗೆ ಹೋಗಿ ಕಲಿಯುತ್ತಿದ್ದ ಹರಕು ಮುರುಕು, ಅವಳದು ದಶಕಗಳ ಕಾಲ ಆಡಿ ಆಡಿ ನುಣುಪಾದದ್ದು. ತಿಳಿಯದಿದ್ದರೆ ಕೈ ಇತ್ತು, ಮುಖ ಇತ್ತು, ಶಾಲೆಯಿಂದ ಬಂದ ಮೇಲೆ ಮೇಧಾ ಇದ್ದಳು.

ನವೆಂಬರಿನ ಒಂದು ಮಧ್ಯಾಹ್ನ ಸಾರು ಕುದಿಯುತ್ತಿರುವಾಗ ಉಪ್ಪು ಮುಗಿದಿರುವುದು ಗೊತ್ತಾಯಿತು. ನಮ್ಮ ಕಡೆ ದೀಪ ಹಚ್ಚಿದ ಮೇಲೆ ಉಪ್ಪು ಕೊಡುವುದಿಲ್ಲ, ತರುವುದಿಲ್ಲ. ಆದರೆ ಆ ದೇಶದಲ್ಲಿ ನವೆಂಬರಿನಲ್ಲಿ ನಾಲ್ಕು ಗಂಟೆಯ ಒಳಗೇ ಕತ್ತಲು. ನನ್ನ ದೀಪ ಇನ್ನೂ ಹಚ್ಚಿರಲಿಲ್ಲ, ಹೊರಗೆ ಮಾತ್ರ ರಾತ್ರಿಯ ಹಾಗಿತ್ತು. ಇದು ಮಧ್ಯಾಹ್ನವೋ ಸಂಜೆಯೋ ಎಂದು ಮೆಟ್ಟಿಲ ಮೇಲೆ ನಿಂತು ಯೋಚಿಸಿದೆ. ಗಡಿಯಾರವನ್ನು ನಂಬುವುದೆಂದು ತೀರ್ಮಾನಿಸಿ ಇಳಿದು ಹೋದೆ.

ಅನಿಕ್ ಮರದ ಡಬ್ಬಿಯಿಂದ ಉಪ್ಪನ್ನು ಹಿಡಿ ತುಂಬ ತೆಗೆದು ನನ್ನ ಕೈಗೆ ಹಾಕಲು ಬಂದಳು. ನಾನು ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡೆ. ಉಪ್ಪನ್ನು ಕೈಯಿಂದ ಕೈಗೆ ತೆಗೆದುಕೊಂಡರೆ ಜಗಳವಾಗುತ್ತದೆ ಎಂದು ನಮ್ಮಲ್ಲಿ ಎಷ್ಟು ಸಣ್ಣವರಿಗೂ ಗೊತ್ತು. ಅವಳಿಗೆ ಹೇಗೆ ಗೊತ್ತಿರಬೇಕು? ಅವಳ ಮುಖ ಇಳಿದುಹೋಯಿತು.

"ನನ್ನ ಕೈ ಕೊಳೆಯಾಗಿದೆಯಾ, ಸುಮತಿ?"

ನನಗೆ ಬರುತ್ತಿದ್ದ ಸ್ವೀಡಿಷ್‌ನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮೇಲಕ್ಕೆ ಓಡಿ ಮೇಧಾಳನ್ನು ಕರೆತಂದೆ.

"ಅಮ್ಮಾ, ಇದನ್ನ ನಾನ್ ಹೇಗೆ ಹೇಳ್ಲಿ? ಇಟ್ಸ್ ಸೋ ವಿಯರ್ಡ್!"

"ಹೇಳೇ, ನಮ್ಮನೇಲಿ ಹಾಗೆ ಅಂತ. ಕೈಗೆ ಕೊಟ್ರೆ ಜಗಳ ಆಗುತ್ತಂತೆ, ನಂಗೆ ನಿಮ್ಮ ಹತ್ರ ಜಗಳ ಬೇಡ ಅಂತ."

ಮೇಧಾ ಶಾಲೆಯಲ್ಲಿ ಮೂರೇ ತಿಂಗಳಿಗೆ ಹಿಡಿದುಕೊಂಡಿದ್ದ ಸ್ವೀಡಿಷ್‌ನಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅನಿಕ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಉಪ್ಪನ್ನು ಒಂದು ತಟ್ಟೆಗೆ ಹಾಕಿ, ಮೇಜಿನ ಮೇಲಿಟ್ಟು, ಹಿಂದಕ್ಕೆ ಸರಿದು, ಎದೆಯ ಮೇಲೆ ಕೈಯಿಟ್ಟು, ರಾಣಿಯ ಮುಂದೆ ಬಾಗುವ ಹಾಗೆ ಬಾಗಿದಳು.

"ತಗೊಳ್ಳಿ ಮಹಾರಾಣಿ. ಯುದ್ಧ ಇಲ್ಲ."

ಮೇಜಿನ ಮೇಲೆ ಚೆಲ್ಲಿದ್ದ ಹರಳುಗಳನ್ನು ಅವಳು ಚಿಟಿಕೆಯಲ್ಲಿ ಎತ್ತಿ ಎಡ ಹೆಗಲಿನ ಹಿಂದಕ್ಕೆ ಎಸೆದಳು. ಉಪ್ಪು ಚೆಲ್ಲಿದರೆ ಅವರಲ್ಲಿ ಕೆಟ್ಟದ್ದಂತೆ, ಹಾಗೆ ಎಸೆದರೆ ಪರಿಹಾರವಂತೆ. ಅದನ್ನು ಕೇಳಿ ನನಗೆ ನೆಮ್ಮದಿಯಾಯಿತು. ಇವಳೂ ನಮ್ಮಂಥವಳೇ. ಅಂದಿನಿಂದ ಅವಳ ಮನೆಯಲ್ಲಿ ಉಪ್ಪಿನ ಮಾತು ಬಂದರೆ ಸಾಕು, ಅದು ನಮ್ಮಿಬ್ಬರ ಆಟವಾಗುತ್ತಿತ್ತು. ಉಪ್ಪು ಮೇಜಿಗೆ ಹೋಗಬೇಕು, ಅವಳು ಬಾಗಬೇಕು.

ಆ ಉಪ್ಪು ಅಂಗಡಿಯ ಬಿಳಿ ಪುಡಿಯಾಗಿರಲಿಲ್ಲ. ಬೂದು ಬಣ್ಣದ ದಪ್ಪ ಹರಳು, ಸ್ವಲ್ಪ ತೇವ. ಮೂಸಿದರೆ ಸಮುದ್ರದ ಕೆಸರು. ನನಗೆ ಒಮ್ಮೆಲೇ ಊರಿನ ನೆನಪಾಯಿತು. ನಾನು ಹುಟ್ಟಿದ್ದು ಗೋಕರ್ಣದ ಹತ್ತಿರ, ಉಪ್ಪಿನ ಆಗರಗಳ ಬದಿಯಲ್ಲಿ. ಮನೆಯ ಹಿತ್ತಿಲಿನಿಂದ ನೋಡಿದರೆ ಚೌಕ ಚೌಕ ನೀರು, ಬೇಸಿಗೆಯಲ್ಲಿ ಅದರ ನಡುವೆ ಬಿಳಿ ರಾಶಿಗಳು. ಇದನ್ನೆಲ್ಲ ಅವಳಿಗೆ ಹೇಗೆ ಹೇಳುವುದು? ಮೇಜಿನ ಮೇಲೆ ಬೆರಳಿನಿಂದ ಬರೆದು ತೋರಿಸಿದೆ. ಇಲ್ಲಿ ಸಮುದ್ರ, ಇಲ್ಲಿಂದ ಉಬ್ಬರದ ನೀರು ಬರುವ ಕಾಲುವೆ, ಇಲ್ಲಿ ದೊಡ್ಡ ಹೊಂಡ, ಇಲ್ಲಿ ಸಣ್ಣ ಕಟ್ಟೆಗಳು, ಇಲ್ಲಿ ಮರದ ಹಲಗೆ ಕಟ್ಟಿದ ಕೋಲಿನಿಂದ ಎಳೆಯುವುದು. ಅವಳು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಮುಂದಿನದನ್ನು ತಾನೇ ಬರೆದಳು. ಅದೇ ಕಾಲುವೆ, ಅದೇ ಹೊಂಡ, ಅದೇ ಕೋಲು. ಅವಳಪ್ಪನೂ ಅದೇ ಕೆಲಸದವನಂತೆ. ಹುಡುಗಿಯಾಗಿದ್ದಾಗ ಅವಳು ಊರಿನ ಉಪ್ಪಿನ ಮ್ಯೂಸಿಯಂನ ಕಿಟಕಿಯಲ್ಲಿ ಕೂತು ಟಿಕೆಟ್ ಕೊಡುತ್ತಿದ್ದಳಂತೆ. ಈ ಉಪ್ಪನ್ನೂ ಆ ಊರಿನಿಂದಲೇ ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದಳಂತೆ.

ಮ್ಯೂಸಿಯಂ ಎಂದರೆ ನನಗೆ ಆಗ ಗೊತ್ತಿದ್ದದ್ದು ಶಾಲೆಯ ಪ್ರವಾಸದಲ್ಲಿ ಸಾಲಾಗಿ ನಿಂತು ನೋಡಿದ ಕತ್ತಿ ಗುರಾಣಿಗಳು. ಉಪ್ಪಿಗೂ ಒಂದು ಮ್ಯೂಸಿಯಂ ಕಟ್ಟುತ್ತಾರೆಂದರೆ ನಂಬಿಕೆ ಬರಲಿಲ್ಲ. ಅನಿಕ್ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಪೋಸ್ಟ್‌ಕಾರ್ಡುಗಳನ್ನೆಲ್ಲ ಕಿತ್ತು ಮೇಜಿನ ಮೇಲೆ ಹರಡಿದಳು. ಅವಳ ತಂಗಿ ಬದುಕಿದ್ದಾಗ ಆ ಕರಾವಳಿಯ ಒಂದೊಂದು ಮ್ಯೂಸಿಯಂನಿಂದಲೂ ಕಳಿಸಿದ್ದವು. ಅನಿಕ್ ಅವುಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಒಂದೊಂದಾಗಿ ಇಟ್ಟಳು.

"ಇದು ದೋಣಿಗಳದ್ದು. ನೋಡಲೇಬೇಕು. ಬರೀ ನೋಡೋದಲ್ಲ, ಹಳೇ ದೋಣಿಗಳ ಒಳಗೆ ಹೋಗಿ ಕೂತ್ಕೋಬಹುದು. ಡಾಂಬರಿನ ವಾಸನೆ ನಿನ್ನ ಬಟ್ಟೆಗೆಲ್ಲ ಅಂಟುತ್ತೆ."

"ಇದು?"

"ಹೆಂಗಸರ ಟೋಪಿಗಳದ್ದು. ಬಿಳೀ ಲೇಸು, ಊರಿಗೊಂದು ತರ. ನೋಡು, ಇದು ಹೊಗೆ ಚಿಮಣಿ ಎತ್ತರ! ನಮ್ಮಜ್ಜಿ ಇದನ್ನ ಹಾಕ್ಕೊಂಡು ಬಾಗಿಲು ದಾಟೋವಾಗ ಬಗ್ತಿದ್ದಳು."

ದೀಪಸ್ತಂಭಗಳ ಮ್ಯೂಸಿಯಂ ಒಂದು ದ್ವೀಪದ ಮೇಲಿತ್ತು. ದೀಪದ ಬೆಳಕನ್ನು ದೂರಕ್ಕೆ ಎಸೆಯುವ, ಜೇನುಗೂಡಿನಂಥ ದೊಡ್ಡ ಗಾಜು ಅಲ್ಲಿದೆಯಂತೆ. ಹೊಟ್ಟೆ ಗಟ್ಟಿ ಇದ್ದವರು ಮಾತ್ರ ಹೋಗಬೇಕು, ದೋಣಿ ಅಷ್ಟು ಕುಣಿಯುತ್ತದೆ. ಇನ್ನೊಂದು ಮೀನು ಡಬ್ಬಿ ತುಂಬುತ್ತಿದ್ದ ಹಳೆಯ ಕಾರ್ಖಾನೆ. "ನೀನು ಅಲ್ಲಿ ಹೊರಗೆ ನಿಂತ್ಕೋ, ನಾವು ನೋಡಿ ಬರ್ತೀವಿ" ಎಂದಳು, ನಾನು ಮೀನು ತಿನ್ನದವಳೆಂದು. ಚಿತ್ರಕಾರರ ಮ್ಯೂಸಿಯಂ ಅವಳಿಗೆ ಅಷ್ಟಕ್ಕಷ್ಟೆ. "ಮಳೆ ಬಂದ್ರೆ ಮಾತ್ರ ಹೋಗೋಣ. ಅವರು ಬಿಡಿಸಿದ ಸಮುದ್ರ ಕಿಟಕಿಯಿಂದ ಹೊರಗೇ ಕಾಣುತ್ತೆ."

ಕೊನೆಯ ಕಾರ್ಡು ಉಪ್ಪಿನ ಮ್ಯೂಸಿಯಂನದು. ಅದನ್ನು ಎಲ್ಲದರ ಮೇಲಿಟ್ಟಳು. ಗಂಡನ ಕಾಯಿಲೆ, ತಂಗಿಯ ಸಾವು, ಆಮೇಲೆ ಒಬ್ಬಳೇ ಹೋಗುವ ಅಂಜಿಕೆ ಎಂದು ಅವಳು ಊರಿಗೆ ಹೋಗದೆ ಎಷ್ಟೋ ವರ್ಷಗಳಾಗಿದ್ದವು. ಕಾಲು ಇನ್ನೂ ನಡೆಯುವಾಗ ಒಮ್ಮೆ ಹೋಗಬೇಕು, ಆ ಟಿಕೆಟ್ ಕಿಟಕಿಯ ಹೊರಗಡೆ ನಿಂತು ಟಿಕೆಟ್ ಕೊಳ್ಳಬೇಕು, ಅವಳಿಗಿದ್ದದ್ದು ಅಷ್ಟೇ ಆಸೆ.

ನಮ್ಮವರಿಗೆ ಕಾರು ಓಡಿಸುವುದೆಂದರೆ ಹುಚ್ಚು. ಕ್ರಿಸ್‌ಮಸ್ ದಿನ ಅನಿಕ್ ನಮ್ಮ ಮನೆಗೆ ಊಟಕ್ಕೆ ಬಂದಾಗ, ಪಾಯಸ ಬಡಿಸುತ್ತಿದ್ದಂತೆಯೇ ಅವರು ಹೇಳಿಬಿಟ್ಟರು. ಜುಲೈಯಲ್ಲಿ ಇಡೀ ದೇಶಕ್ಕೇ ರಜೆ, ಡೆನ್ಮಾರ್ಕ್, ಜರ್ಮನಿ ದಾಟಿ ನಾವೇ ಕರೆದುಕೊಂಡು ಹೋಗುತ್ತೇವೆ. ಅನಿಕ್ ಚಮಚ ಕೆಳಗಿಟ್ಟಳು.

"ನಿಜಾನಾ?"

"ನಿಜ. ನೀವು ಗೈಡು, ನಾನು ಡ್ರೈವರು, ಇವಳು ಅಡುಗೆ. ಕುಕ್ಕರ್ ಡಿಕ್ಕೀಲಿ."

"ದಿನಕ್ಕೆ ಒಂದೇ ಮ್ಯೂಸಿಯಂ," ಎಂದಳು ಅನಿಕ್, ಕೂಡಲೇ ಕಟ್ಟುನಿಟ್ಟಾಗಿ. "ಎರಡನೇದಕ್ಕೆ ಕಾಲು ಶಾಪ ಹಾಕುತ್ತೆ. ಮಂಗಳವಾರ ಎಲ್ಲ ಮುಚ್ಚಿರುತ್ತೆ, ಮಂಗಳವಾರ ಸಮುದ್ರ. ಮತ್ತೆ, ಟಿಕೆಟ್ ಕೊಡೋವಳ ಮುಖ ನೋಡಿ ನಮಸ್ಕಾರ ಹೇಳ್ಬೇಕು. ಎಲ್ಲರೂ ಕೈ ಮಾತ್ರ ನೋಡ್ತಾರೆ. ನಂಗೊತ್ತು."

ಜನವರಿಯೆಲ್ಲ ಅದೇ ಮಾತು. ಹೊರಗೆ ಮಂಜು, ರಸ್ತೆಯಲ್ಲಿ ಜಾರುವ ಐಸು, ಒಳಗೆ ನಾವು ಜುಲೈಯಲ್ಲಿದ್ದೆವು. ಮೇಧಾ ಕಾರ್ಡುಗಳನ್ನು ದಿನಕ್ಕೊಂದು ಕ್ರಮದಲ್ಲಿ ಜೋಡಿಸುತ್ತಿದ್ದಳು.

ಫೆಬ್ರವರಿಯ ಒಂದು ಗುರುವಾರ ನಾನು ಏನೋ ಮರೆತು ಬಂದದ್ದನ್ನು ತರಲು ಒಗೆಯುವ ಕೋಣೆಗೆ ಹೋದೆ. ಹಲಗೆಯಲ್ಲಿ ಅನಿಕ್‌ಳ ಬೀಗವಿತ್ತು. ಮಷಿನ್ ಮಾತ್ರ ಓಡುತ್ತಿರಲಿಲ್ಲ. ಆ ಹೆಂಗಸು ತನ್ನ ಹೊತ್ತನ್ನು ಎಂದೂ ಬಿಟ್ಟುಕೊಟ್ಟವಳಲ್ಲ. ನಾನು ಅವಳ ಮನೆಗೆ ಓಡಿದೆ. ಬಾಗಿಲು ಬಡಿದೆ, ಕೂಗಿದೆ. ಕಟ್ಟಡದ ಮೇಲ್ವಿಚಾರಕ ಬಂದು ತೆಗೆದಾಗ ಅವಳು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು, ಪಕ್ಕದಲ್ಲಿ ಬಟ್ಟೆಯ ಬುಟ್ಟಿ. ಕಣ್ಣು ತೆರೆದಿತ್ತು. ಉಸಿರಿತ್ತು. ಅದು ಗುರುವಾರವಾದದ್ದು ದೇವರ ದಯೆ. ಬೇರೆ ಯಾವ ದಿನವಾಗಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಮೃದುವಾಗಿಯೇ ಕೇಳಿದಳು. "ನೀವು ಸಂಬಂಧಿಕರಾ?"

"ಇಲ್ಲ. ಮೇಲಿನ ಮನೆಯವಳು."

ಹಾಗಿದ್ದರೆ ಕೂರಬಹುದು, ಕೈ ಹಿಡಿದುಕೊಳ್ಳಬಹುದು. ಆದರೆ ಏನಾಗಿದೆ, ಮುಂದೇನು ಎಂದು ಹೇಳುವಂತಿಲ್ಲ. ಅದು ಅವರ ಕಾನೂನು, ತಪ್ಪಲ್ಲ. ಅನಿಕ್‌ಳ ಗಂಡನ ಮೊದಲ ಹೆಂಡತಿಯ ಮಗ ಯೋರಾನ್ ದೂರದ ಉತ್ತರದಲ್ಲಿದ್ದ. ಅವನಿಗೆ ಫೋನ್ ಹೋಯಿತು. ಅವನು ಬಂದ, ನನಗೆ ಕೈ ಕುಲುಕಿ ಥ್ಯಾಂಕ್ಸ್ ಹೇಳಿದ. ಮೆದುಳಿಗೆ ರಕ್ತ ಹೋಗುವುದು ನಿಂತಿತ್ತು ಎಂದು ಅವನಿಂದಲೇ ತಿಳಿಯಿತು. ಬಲಗೈ ಬಲಗಾಲು ಬಿದ್ದುಹೋಗಿತ್ತು. ಮಾತು ಬರುತ್ತಿತ್ತು. ಆದರೆ ಯಾವ ಮಾತು?

ಸ್ವೀಡಿಷ್ ಪೂರ್ತಿ ಅಳಿಸಿಹೋಗಿತ್ತು. ಆಮೇಲೆ ಕಲಿತ ಭಾಷೆ ಹೋಗಿ ಹುಟ್ಟಿದ ಭಾಷೆ ಉಳಿಯುವುದು ಕೆಲವೊಮ್ಮೆ ಉಂಟಂತೆ. ಫ್ರೆಂಚ್ ಬಲ್ಲ ಒಬ್ಬ ನರ್ಸು ಬಂದು ಕೇಳಿಸಿಕೊಂಡು, ಇದು ನಾನು ಕಲಿತ ಫ್ರೆಂಚ್ ಅಲ್ಲ, ಇದರಲ್ಲಿ ಆ ಕರಾವಳಿಯ ಹಳೆಯ ಭಾಷೆಯೂ ಕಲೆತಿದೆ, ಅರ್ಧಕ್ಕರ್ಧ ತಿಳಿಯುವುದಿಲ್ಲ ಎಂದು ತಲೆಯಾಡಿಸಿದಳು. ಇಡೀ ವಾರ್ಡಿನಲ್ಲಿ ಅನಿಕ್‌ಳ ಮಾತು ಅರ್ಥವಾಗುವವರು ಒಬ್ಬರೂ ಇರಲಿಲ್ಲ. ಆಸ್ಪತ್ರೆಯಿಂದ ಆರೈಕೆಯ ಮನೆಗೆ ಕಳಿಸಿದರು. ಅಲ್ಲಿಯೂ ಹಾಗೆಯೇ.

ಮೇಧಾ ಒಮ್ಮೆ ಬಂದಳು. ಸ್ವೀಡಿಷ್‌ನಲ್ಲಿ ಅವಳನ್ನು ಮಾತಾಡಿಸಿದಳು. ಅನಿಕ್ ಅವಳ ಬಾಯಿಯನ್ನೇ ನೋಡುತ್ತ ಹೆದರಿ ಅಳತೊಡಗಿದಳು. ಹೊರಗೆ ಬಂದ ಮೇಲೆ ಮಗಳು ನನ್ನ ಕೋಟು ಹಿಡಿದುಕೊಂಡಳು.

"ಅಮ್ಮಾ, ಈಗ ನಾನ್ ಟ್ರಾನ್ಸ್‌ಲೇಟ್ ಮಾಡಕ್ಕಾಗಲ್ಲ ಅಲ್ವಾ?"

"ಇಲ್ಲ ಪುಟ್ಟಾ."

"ಮತ್ತೆ ಯಾರ್ ಮಾಡ್ತಾರೆ?"

ನಾನು ಬಗ್ಗಿ ಅವಳ ಕೋಟಿನ ಗುಂಡಿ ಹಾಕಿದೆ.

ನಾನು ಬಸ್ಸಿನಲ್ಲಿ ವಾರಕ್ಕೆರಡು ಸಲ ಹೋಗುತ್ತಿದ್ದೆ. ಒಂದು ದಿನ ಏನು ಮಾಡಲೂ ತೋಚದೆ ಕನ್ನಡದಲ್ಲಿ ಮಾತಾಡಿದೆ. "ಏನ್ರೀ ಅನಿಕ್, ಇವತ್ತು ಊಟ ಸೇರಿಲ್ವಾ? ಹೊರಗೆ ಎಷ್ಟು ಗಾಳಿ ಗೊತ್ತಾ, ನನ್ನ ಸೆರಗು ಕೋಟಿಂದ ಹೊರಗೆ ಬಂದು ಬಾವುಟ ಆಗಿತ್ತು." ಅವಳು ಅಳಲಿಲ್ಲ. ತಲೆ ತಿರುಗಿಸಿ ನನ್ನನ್ನು ನೋಡಿದಳು, ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಆಗ ನನಗೆ ಹೊಳೆಯಿತು. ಸ್ವೀಡಿಷ್ ಕೇಳಿದರೆ ತಾನು ಕಳೆದುಕೊಂಡದ್ದು ಅವಳ ನೆನಪಿಗೆ ಬರುತ್ತಿತ್ತು. ಕನ್ನಡ ಅವಳಿಗೆ ಎಂದೂ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ ಮಾತು ಅರ್ಥವಾಗದಿದ್ದರೆ ಯಾರಿಗೂ ನಷ್ಟವಿಲ್ಲ.

ಯೋರಾನ್‌ನ ಒಪ್ಪಿಗೆ ಕೇಳಿ ಫ್ರಿಜ್ಜಿನ ಮೇಲಿನ ಕಾರ್ಡುಗಳನ್ನು ತೆಗೆದುಕೊಂಡು ಹೋದೆ. ಹೊದಿಕೆಯ ಮೇಲೆ ಹರಡಿದೆ. ಅವಳು ಎಡಗೈಯಿಂದ ಒಂದೊಂದನ್ನೇ ತೋರಿಸಿ ಉದ್ದಕ್ಕೆ ಹೇಳುತ್ತಿದ್ದಳು. ನಾನು ನನ್ನದನ್ನು ಹೇಳುತ್ತಿದ್ದೆ. ಅವಳು ದೋಣಿಯ ಬಗ್ಗೆ ಹೇಳಿದರೆ ನಾನು ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದ ದೋಣಿಯ ಬಗ್ಗೆ. ಅವಳು ಲೇಸಿನ ಟೋಪಿ ತೋರಿಸಿದರೆ ನಾನು ನಮ್ಮ ಕಡೆಯ ಹಾಲಕ್ಕಿ ಹೆಂಗಸರ ಕೊರಳು ತುಂಬುವ ಮಣಿಸರಗಳ ಬಗ್ಗೆ. ಮಾರ್ಚಿನಿಂದ ಮೇ ತನಕ ಆ ಕರಾವಳಿಯ ಮ್ಯೂಸಿಯಂಗಳನ್ನೆಲ್ಲ ನಾವು ಹೀಗೆ ಎಷ್ಟು ಸಲ ಸುತ್ತಿದೆವೋ. ಕೊನೆಯಲ್ಲಿ ಪ್ರತಿ ಸಲವೂ ಅವಳು ಉಪ್ಪಿನ ಮ್ಯೂಸಿಯಂನ ಕಾರ್ಡನ್ನು ನನ್ನ ಎದೆಗೆ ಒತ್ತಿ ಏನೋ ಕೇಳುತ್ತಿದ್ದಳು. ಮಾತು ತಿಳಿಯದಿದ್ದರೂ ಅದು ಪ್ರಶ್ನೆ ಎಂದು ತಿಳಿಯುತ್ತಿತ್ತು. ಯಾವಾಗ ಎಂದಲ್ಲದೆ ಇನ್ನೇನು ಕೇಳುತ್ತಾಳೆ?

ಆಗಲೇ ನಾನು ಹರಕೆ ಹೊತ್ತದ್ದು. ಗೋಕರ್ಣದ ಗಣಪತಿಯನ್ನು ನೆನೆದು, ಅನಿಕ್ ಮೊದಲಿನ ಹಾಗೆ ನನ್ನ ಹತ್ತಿರ ಮಾತಾಡುವ ತನಕ ಶನಿವಾರ ಉಪ್ಪು ತಿನ್ನುವುದಿಲ್ಲ ಎಂದೆ. ನನ್ನ ಕೈಯಲ್ಲಿ ಬೇರೇನಿತ್ತು? ಡಾಕ್ಟರಲ್ಲ, ಸಂಬಂಧಿಕಳಲ್ಲ, ಭಾಷೆ ಬಂದವಳೂ ಅಲ್ಲ.

"ಉಪ್ಪಿನ ಊರಿನವಳಿಗೋಸ್ಕರ ಉಪ್ಪನ್ನೇ ಬಿಟ್ಟೆಯಲ್ಲೇ," ಎಂದರು ನಮ್ಮವರು, ಸಪ್ಪೆ ಸಾರನ್ನು ನೋಡಿ. "ಸಕ್ಕರೆ ಬಿಡ್ಬಹುದಿತ್ತು. ನಂಗೂ ಒಳ್ಳೇದಾಗ್ತಿತ್ತು."

"ನಿಮಗೆ ಬೇರೆ ಪಾತ್ರೇಲಿ ಇಟ್ಟಿದೀನಿ. ಸುಮ್ನೆ ಬಡಿಸ್ಕೊಳ್ಳಿ."

ಅವರು ಬೇರೆ ಪಾತ್ರೆಯನ್ನು ಹಾಗೆಯೇ ಮುಚ್ಚಿಟ್ಟು ಸಪ್ಪೆಯದನ್ನೇ ಬಡಿಸಿಕೊಂಡರು.

ಮೇ ತಿಂಗಳಲ್ಲಿ ಯೋರಾನ್ ಮತ್ತೆ ಬಂದ. ಅನಿಕ್‌ಳನ್ನು ಉತ್ತರದಲ್ಲಿದ್ದ ಅವನ ಊರಿನ ಹತ್ತಿರದ ಆರೈಕೆಯ ಮನೆಗೆ ಸಾಗಿಸುವುದೆಂದು ಗೊತ್ತಾಯಿತು. ಅವನಿಗೆ ಹೇಳಬೇಕಾದ ಮಾತನ್ನು ನಾನು ಸ್ವೀಡಿಷ್ ಕ್ಲಾಸಿನ ಗೆಳತಿ ಶಬಾನಾ ಜೊತೆ ಕೂತು ತಯಾರು ಮಾಡಿದೆ. ಶಬಾನಾ ಹುಬ್ಬಳ್ಳಿಯವಳು, ಗಂಡ ಎಂಜಿನಿಯರ್, ನನಗಿಂತ ಒಂದು ವರ್ಷ ಮೊದಲು ಬಂದವಳು.

"ಮೊದ್ಲು ಸಾರಿ ಅನ್ರಿ ಅಕ್ಕಾ, ಆಮೇಲೆ ವಿಷಯ. ಇವ್ರ ಹತ್ರ ದನಿ ಏರಿಸಬಾರ್ದು," ಎಂದು ಅವಳು ವಾಕ್ಯಗಳನ್ನು ತಿದ್ದಿ ತಿದ್ದಿ ಹೇಳಿಕೊಟ್ಟಳು. "ನಾನೂ ದುವಾ ಮಾಡ್ತೀನಿ. ನಿಮ್ ಗಣಪತಿ ಒಬ್ಬನ ಮ್ಯಾಗೆ ಎಷ್ಟಂತ ಹಾಕ್ತೀರಿ."

ಬಸ್ಸಿನುದ್ದಕ್ಕೂ ಅದನ್ನೇ ಮಂತ್ರದ ಹಾಗೆ ಜಪಿಸಿದೆ. ಯೋರಾನ್ ಎದುರು ಕೂತಾಗ ಅರ್ಧ ಹೇಳಿದೆ, ಅರ್ಧ ಮರೆಯಿತು.

"ಅವಳಿಗೆ ಮನೆಗೆ ಹೋಗ್ಬೇಕು. ಜುಲೈ. ನಮ್ಮ ಹತ್ರ ಕಾರಿದೆ."

"ಯಾವ ಮನೆ ಸುಮತಿ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಅವಳ ಮನೆ ಇದೇ. ಅಲ್ಲಿ ಯಾರಿದ್ದಾರೆ? ಇಲ್ಲಿಂದ ಅಷ್ಟು ದೂರ ಕೂತು ಹೋಗೋದು ಆಗಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ನನ್ನ ಊರಲ್ಲಾದ್ರೆ ನಾನು ದಿನಾ ಹೋಗಿ ನೋಡಬಹುದು."

ಅವನು ಹೇಳಿದ್ದು ಸರಿಯೇ. ಅದಕ್ಕೇ ನನಗೆ ಇನ್ನಷ್ಟು ಕಷ್ಟವಾಯಿತು. ಕೆಟ್ಟವನಾಗಿದ್ದರೆ ಮನಸ್ಸಿನಲ್ಲಾದರೂ ಬೈದುಕೊಳ್ಳಬಹುದಿತ್ತು. ಹೆತ್ತವಳಲ್ಲದ ಹೆಂಗಸನ್ನು ದಿನಾ ನೋಡುತ್ತೇನೆ ಎನ್ನುವವನಿಗೆ ಏನು ಹೇಳುವುದು? ಶಬಾನಾ ಕಲಿಸಿದ ವಾಕ್ಯಗಳಲ್ಲಿ ಉಳಿದದ್ದು ಸಾರಿ ಒಂದೇ. ಅದನ್ನೇ ಹೇಳಿ ಎದ್ದು ಬಂದೆ.

ಜೂನ್ ಕೊನೆಯ ಬೆಳಿಗ್ಗೆ ಅವಳನ್ನು ಮಲಗಿಸಿ ಕರೆದೊಯ್ಯಲು ವ್ಯಾನು ಬಂತು. ಎಲ್ಲೆಲ್ಲೂ ಹಸಿರು, ಬೇಲಿಯ ಬದಿಯಲ್ಲೆಲ್ಲ ಬಿಳಿ ಹೂವು. ಚಳಿಗಾಲದಲ್ಲಿ ಇಲ್ಲದ ಬಿಸಿಲೆಲ್ಲ ಆ ದಿನ ಒಟ್ಟಿಗೆ ಬಂದ ಹಾಗಿತ್ತು. ಗಾಲಿಕುರ್ಚಿಯ ಮುಂದೆ ಊಟಕ್ಕೆಂದು ಕೂಡಿಸಿದ ಸಣ್ಣ ಹಲಗೆಯಿತ್ತು. ಅವಳ ಮನೆ ಖಾಲಿ ಮಾಡುವಾಗ ಏನಾದರೂ ಬೇಕೇ ಎಂದು ಯೋರಾನ್ ಕೇಳಿದ್ದಕ್ಕೆ ನಾನು ಆ ಮರದ ಡಬ್ಬಿಯನ್ನು ಕೇಳಿ ಇಟ್ಟುಕೊಂಡಿದ್ದೆ. ಉಪ್ಪು ಲಕ್ಷ್ಮಿ, ಎಸೆಯಬಾರದು. ಅದರಲ್ಲಿದ್ದ ಉಪ್ಪನ್ನು ಒಂದು ಬಟ್ಟಲಿಗೆ ಹಾಕಿಕೊಂಡು ಬಂದಿದ್ದೆ. ಯಾಕೆಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅವಳ ಊರಿಗೆ ಅವಳನ್ನು ಕರೆದೊಯ್ಯಲಾಗಲಿಲ್ಲ. ಊರಿನದೊಂದನ್ನಾದರೂ ಅವಳು ಮೂಸಲಿ ಎಂದಿರಬೇಕು.

ಬಟ್ಟಲನ್ನು ಅವಳ ಮೂಗಿನ ಹತ್ತಿರ ಹಿಡಿದೆ. ಅವಳು ಕಣ್ಣು ಮುಚ್ಚಿದಳು. ಬಹಳ ಹೊತ್ತು ಮುಚ್ಚಿಕೊಂಡೇ ಇದ್ದಳು. ಯೋರಾನ್ ಗಡಿಯಾರ ನೋಡಿ, ಮತ್ತೆ ನೋಡದವನ ಹಾಗೆ ಆ ಕಡೆ ತಿರುಗಿದ. ಆಮೇಲೆ ಅನಿಕ್ ಎಡಗೈಯಿಂದ ಒಂದು ಚಿಟಿಕೆ ತೆಗೆದಳು. ನಾನು ಅಂಗೈ ಚಾಚಿಬಿಟ್ಟೆ. ಯಾವ ಶಾಸ್ತ್ರವೂ ನೆನಪಿಗೆ ಬರಲಿಲ್ಲ. ಅವಳ ಕೈ ನನ್ನ ಅಂಗೈಯವರೆಗೆ ಬಂತು. ಅಲ್ಲಿ ನಿಂತಿತು. ಹಿಂದಕ್ಕೆ ಹೋಯಿತು. ಉಪ್ಪನ್ನು ಹಲಗೆಯ ಮೇಲಿಟ್ಟಳು. ಎದೆಗೆ ಕೈಯಿಟ್ಟುಕೊಂಡು, ಗೋಣು ಬಗ್ಗುವಷ್ಟು ಬಗ್ಗಿಸಿದಳು. ಬಾಯಿಯ ಎಡ ಅರ್ಧ ನಕ್ಕಿತು.

ಭಾಷೆ ಹೋಗಿತ್ತು, ನಮ್ಮ ಆಟ ಹೋಗಿರಲಿಲ್ಲ. ಆ ವರ್ಷ ನಾನು ದೇವರಿಂದ ಪಡೆದದ್ದು ಅಷ್ಟು. ಸಣ್ಣದೆಂದು ಹೇಳಲಾರೆ.

ಹಲಗೆಯ ಮೇಲಿನ ಹರಳುಗಳನ್ನು ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡೆ. ವ್ಯಾನು ಗುಡ್ಡ ಇಳಿಯಿತು. ಉಪ್ಪಿನ ಮ್ಯೂಸಿಯಂನ ಕಾರ್ಡು ಅವಳ ಕೈಯಲ್ಲೇ ಇತ್ತು.

ಆ ಜುಲೈಯಲ್ಲಿ ನಾವು ಎಲ್ಲಿಗೂ ಹೋಗಲಿಲ್ಲ. ನಮ್ಮವರು ಕಾರಿನಲ್ಲಿದ್ದ ನಕ್ಷೆಯನ್ನು ಮಡಚಿ ಪುಸ್ತಕಗಳ ಹಿಂದೆ ಇಟ್ಟರು. ಹತ್ತಿರದ ಸಮುದ್ರದ ಬಂಡೆಗಳ ಮೇಲೆ ಕೂತು ಚಪಾತಿ ತಿಂದು ಬರುತ್ತಿದ್ದೆವು. ಮೇಧಾ ನೀರಿಗಿಳಿಯುವ ಮೊದಲು ಒಮ್ಮೆ ಕೇಳಿದಳು, "ಇವತ್ತು ಟ್ಯೂಸ್‌ಡೇನಾ?" ಎಂದು. ಮಂಗಳವಾರವೇ ಆಗಿತ್ತು.

ಚಳಿಗಾಲ ಶುರುವಾಗುವಾಗ ಯೋರಾನ್ ಫೋನ್ ಮಾಡಿದ. ನಿದ್ದೆಯಲ್ಲೇ ಹೋದಳಂತೆ. ನೋವಿಲ್ಲದೆ ಹೋದಳು ಎಂದ. ನಾನು ದೇವರ ಮುಂದೆ ದೀಪ ಹಚ್ಚಿದೆ. ಹೊರಗೆ ಆಗಲೇ ಕತ್ತಲಾಗಿತ್ತು, ಮೂರೂವರೆಯೋ ಏನೋ ಗಂಟೆ.

ಹರಕೆ ಮಾತ್ರ ಉಳಿದುಕೊಂಡಿತು. ಅನಿಕ್ ಮಾತಾಡುವ ತನಕ ಎಂದಿದ್ದೆನಲ್ಲ. ಇಂಥದ್ದನ್ನು ಬಿಡಿಸಿಕೊಳ್ಳುವ ವಿಧಿ ಇರುತ್ತದಂತೆ, ಪುರೋಹಿತರನ್ನು ಕೇಳಬಹುದಂತೆ. ನಾನು ಯಾರನ್ನೂ ಕೇಳಲಿಲ್ಲ. ಮೋಲ್ನ್‌ಡಾಲ್ ಬಿಟ್ಟೆವು, ಬೆಂಗಳೂರಿಗೆ ಬಂದೆವು, ಮೇಧಾ ಓದು ಮುಗಿಸಿದಳು. ಶನಿವಾರದ ಸಪ್ಪೆ ಊಟ ಮನೆಯಲ್ಲಿ ಹಾಗೆಯೇ ನಡೆದುಕೊಂಡು ಬಂತು. ಈ ಬೇಸಿಗೆಯಲ್ಲಿ ನಮ್ಮವರು ಆ ಹಳೆಯ ನಕ್ಷೆಯನ್ನು ಎಲ್ಲಿಂದಲೋ ತೆಗೆದು ನನ್ನ ಮುಂದಿಟ್ಟು, "ಹೋಗಿ ಬರೋಣ್ವಾ?" ಎಂದರು.

ಹಾಗೆ ಬಂದು ದೋಣಿಯೊಳಗೆ ಕೂತೆವು. ಡಾಂಬರಿನ ವಾಸನೆ ಬಟ್ಟೆಗೆ ಅಂಟಿತು. ಚಿಮಣಿಯಂಥ ಟೋಪಿ ನೋಡಿದೆವು. ಮೀನಿನ ಕಾರ್ಖಾನೆಯ ಹೊರಗೆ ನಾನು ನಿಂತೆ, ಅವರು ಒಳಗೆ ಹೋಗಿ ಬಂದರು. ದಿನಕ್ಕೆ ಒಂದೇ. ಉಪ್ಪಿನದನ್ನು ಕೊನೆಗೆ ಇಟ್ಟುಕೊಂಡಿದ್ದೆವು.

ಟಿಕೆಟ್ ಕಿಟಕಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಮುಖ ನೋಡಿ, ಅವಳ ಭಾಷೆಯಲ್ಲಿ ನನಗೆ ಬರುವ ಒಂದೇ ಮಾತಿನಲ್ಲಿ ನಮಸ್ಕಾರ ಹೇಳಿದೆ. ಅವಳು ಸ್ವಲ್ಪ ಬೆರಗಾಗಿ ತಲೆಯೆತ್ತಿ, ತಾನೂ ಹೇಳಿದಳು. ಒಳಗೆಲ್ಲ ಮರದ ಕೋಲುಗಳು, ಬುಟ್ಟಿಗಳು, ಹಳೆಯ ಫೋಟೋಗಳು. ಕೊನೆಗೆ ಎಲ್ಲರನ್ನೂ ಹೊರಗೆ ಗದ್ದೆಯ ಬದುವಿಗೆ ಕರೆದುಕೊಂಡು ಹೋದರು. ಬಿಸಿಲಿಗೆ ಕೆಂಪಾಗಿದ್ದ ಗೈಡು ನೀರಿನ ಅಂಚಿನಿಂದ ಬೂದು ಉಪ್ಪನ್ನು ಎಳೆದು ತೋರಿಸಿದ. ಬುಟ್ಟಿಯಿಂದ ಹಿಡಿ ತೆಗೆದು, ರುಚಿ ನೋಡಿ ಎಂದು ಒಬ್ಬೊಬ್ಬರ ಅಂಗೈಗೂ ಸ್ವಲ್ಪ ಸ್ವಲ್ಪ ಹಾಕುತ್ತ ಬಂದ.

ನನ್ನ ಮುಂದೆಯೂ ಬಂದು ನಿಂತ. ಅಲ್ಲಿ ಮೇಜಿರಲಿಲ್ಲ. ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಉಪ್ಪು ಅವನ ಕೈಯಿಂದ ನನ್ನ ಕೈಗೆ ಬಿತ್ತು, ಇನ್ನೂ ಬೆಚ್ಚಗಿತ್ತು.

"ತಿನ್ನೇ," ಎಂದರು ನಮ್ಮವರು ಮೆಲ್ಲಗೆ. "ಅವನು ಕಾಯ್ತಿದಾನೆ."

"ಇವತ್ತು ಶನಿವಾರ."

ಅವರು ತಮ್ಮ ಅಂಗೈಯ ಉಪ್ಪನ್ನು ನೋಡಿಕೊಂಡರು. ತಿನ್ನದೆ ಮುಷ್ಟಿ ಮುಚ್ಚಿದರು. ಗೈಡು ಮುಂದಿನವರ ಹತ್ತಿರ ಹೋದ. ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ನನ್ನ ಬೆವರಿಗೆ ಹರಳುಗಳು ಅಂಗೈಯಲ್ಲಿ ಒದ್ದೆಯಾಗತೊಡಗಿದವು.

ಕೈಯಿಂದ ಕೈಗೆ ತೆಗೆದುಕೊಂಡರೆ ಜಗಳವಾಗುತ್ತದಂತೆ. ಆಗಲಿ ಎಂದುಕೊಂಡೆ. ಜಗಳವಾಡುವುದಕ್ಕಾದರೂ ಅವಳು ಬರಲಿ.